ದೋಣಿಯ ಬಿಸಿಲು, ಟ್ಯೂಬಿನ ಕ್ರೀಮು

ಹೋದ ಸಲ ಹಪ್ಪಳದ ಕತೆ ಬರೆದವಳು ಈ ಸಲ ದೋಣಿ ಹತ್ತಿಸ್ತಾಳೆ ಅಂತ ನಗಾಡಬೇಡಿ. ಕಾರಣ ಇತ್ತ್.

ಡಿಸೆಂಬರಿನಲ್ಲಿ ತಂಗಿ ಮಗಳು ಬೆಂಗಳೂರಿಂದ ಬಂದಿದ್ದಳು. ಗೆಳತಿಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಪುದು, ನೀರಿಗಿಳಿದು ಹವಳ, ಮೀನು ಎಲ್ಲ ಕಾಂಬುದು ಅಂತ ಅವಳ ಲೆಕ್ಕ. ಚೀಲ ಬಿಚ್ಚಿದರೆ ಬಟ್ಟೆಗಿಂತ ಟ್ಯೂಬೇ ಜಾಸ್ತಿ. ಮುಖಕ್ಕೊಂದು, ಮೈಗೊಂದು, ತುಟಿಗೊಂದು, ಮತ್ತೊಂದು ಡಬ್ಬಿ ಫುಸ್ ಅಂತ ಹೊಡೆಯುವಂಥದ್ದು. ಜಗಲಿಯಲ್ಲಿ ಕೂತಿದ್ದ ಅಮ್ಮ ಒಂದೊಂದನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದೆಲ್ಲ ಎಂತಕೆ? ದೋಣಿಗೆ ಹೋಪ್ದೇ ಬ್ಯಾಡ. ಬಿಸ್ಲಿಗೆ ಕಪ್ಪಾತ್ತ್. ನಾಳೆ ಮದಿ ಆಪ್ ಹೆಣ್ಣ್."

"ಅಮ್ಮಮ್ಮ, ಕಪ್ಪಾಗ್ಬಾರ್ದು ಅಂತಾನೇ ಅಲ್ವಾ ಇದೆಲ್ಲ ತಂದಿರೋದು?"

ಇಬ್ಬರೂ ಒಂದೇ ಮಾತಾಡ್ತಾ ಇದ್ದಾರೆ, ಆದ್ರೂ ಜಗಳ. ನನಗೆ ನಗು ಬಂತು, ಜೊತೆಗೆ ಸಣ್ಣ ಬೇಜಾರೂ ಬಂತು. ಎಂತಕೆ ಅಂದ್ರೆ ನನ್ನ ಮದುವೆ ಮಾತುಕತೆ ನಡೆಯುವಾಗ ಇದೇ ಜಗಲಿಯಲ್ಲಿ ಇದೇ ಮಾತು ಕೇಳಿ, ಅಣ್ಣಂದಿರು ಹೊರಟ ದೋಣಿಗೆ ನಾನು ಹತ್ತದೆ ಉಳಿದಿದ್ದೆ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಈ ಕಡಲ ಬದಿಯಲ್ಲೇ. ನೇತ್ರಾಣಿ ಮಾತ್ರ ನಾನು ಇವತ್ತಿಗೂ ಕಂಡಿಲ್ಲ.

ಇರ್ಲಿ. ನಾನು ಕನ್ನಡಕ ಹಾಕಿಕೊಂಡು ಒಂದು ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದುಕೆ ಕೂತೆ. ಅದರಲ್ಲಿ ಬೆಂಜೋಫಿನೋನ್-3 ಅಂತ ಇತ್ತು. ಈ ಹೆಸರು ಎಲ್ಲೋ ಓದಿದ ನೆನಪು. ಪಲಾವ್ ಅಂತ ಒಂದು ದ್ವೀಪದ ದೇಶ ಇದೆ. ನಮ್ಮ ತಿಂಬ ಪಲಾವ್ ಅಲ್ಲ ಮರ್ರೆ, ಪೆಸಿಫಿಕ್ ಸಮುದ್ರದ ದೇಶ. ಅಲ್ಲಿಗೆ ಹೋಪವರ ಚೀಲದಲ್ಲಿ ಈ ಪದಾರ್ಥ ಇರುವ ಕ್ರೀಮ್ ಸಿಕ್ಕರೆ ಕಸಿದುಕೊಳ್ಳುಕೆ ಅಧಿಕಾರ ಉಂಟು. ಮುಖಕ್ಕೆ ಹಚ್ಚುವ ಕ್ರೀಮಿಗೆ ಅಷ್ಟು ಹೆದರುವಂಥದ್ದು ಎಂತ ಇತ್ತು? ಮೂರು ರಾತ್ರಿ ಕೂತು ಓದಿದೆ. ಓದಿದ್ದನ್ನು ನಿಮಗೂ ಹೇಳುವ ಅಂತ.

ಮೊದಲು ನಮ್ಮ ಬದಿಯದ್ದೇ ಹೇಳ್ತೆ. ಕುಂದಾಪುರದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣ್ತದೆ. ನಡುವೆ ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರಿ ಕಡಲಿಗೆ ಹೋಪ ಜಾಗ. ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು, ದೋಣಿಯಲ್ಲಿ ಹೋದರೆ ಎಲೆ ಅಡಿಕೆ ಹಾಕಿ ಮುಗಿಸುವುದರೊಳಗೆ ಆಚೆ ದಡ. ಅಮ್ಮ ಸಣ್ಣವರಿರುವಾಗ ಆ ದೋಣಿಯಲ್ಲಿ ಸುಮಾರು ಸಲ ಹೋದವರು. ಹೆಂಗಸರು ಸೆರಗು ತಲೆಗೆ ಎಳೆದುಕೊಳ್ಳುವುದು, ಇದ್ದವರು ಓಲೆಕೊಡೆ ಹಿಡಿಯುವುದು, ಗಂಡಸರು ತಲೆಗೆ ಬೈರಾಸು ಸುತ್ತುವುದು, ದೋಣಿ ನಡೆಸುವವನ ತಲೆಯಲ್ಲಿ ಮುಟ್ಟಾಳೆ. ಮುಟ್ಟಾಳೆ ಅಂದ್ರೆ ಹಾಳೆ ಟೊಪ್ಪಿ. ಈಗಿನ ಮಕ್ಕಳು ಅದನ್ನು ಪ್ರದರ್ಶನದಲ್ಲಿ ಕಾಂಬುದು ಅಷ್ಟೆ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ನೆನೆಸಿ, ಮೆತ್ತಗೆ ಮಾಡಿ, ಮಡಚಿ ಹೊಲಿದರೆ ಟೊಪ್ಪಿ. ಬಿಸಿಲು ಒಳಗೆ ಬರುದಿಲ್ಲ, ಬೆವರಿಗೆ ತಲೆ ಉರಿಯುದಿಲ್ಲ, ಹಾಳಾದರೆ ತೋಟಕ್ಕೆ ಬಿಸಾಡಿದರೆ ಆಯ್ತು. ರಂಪಣಿ ಬಲೆ ಎಳೆಯುವವರು, ಪಾತಿ ದೋಣಿಯಲ್ಲಿ ಹೊಳೆಗೆ ಹೋಪವರು, ಮೀನಿನ ಬುಟ್ಟಿ ತಲೆ ಮೇಲಿಟ್ಟು ಮನೆಮನೆಗೆ ಬಪ್ಪ ಹೆಂಗಸರು, ಯಾರೂ ಬಿಸಿಲಿಗೆ ಅಂತ ಮೈಗೆ ಏನೂ ಹಚ್ಚಿದವರಲ್ಲ. ತೆಂಗಿನೆಣ್ಣೆ ಹಚ್ಚಿದರೂ ಅದು ಉಪ್ಪು ಗಾಳಿಗೆ ಚರ್ಮ ಒಡೆಯಬಾರದು ಅಂತ.

ತೆಂಗಿನೆಣ್ಣೆ ಬಿಸಿಲು ತಡೀತದೆ ಅಂತ ಈಗ ವಾಟ್ಸಾಪಿನಲ್ಲಿ ಬತ್ತ್. ನಂಬಬೇಡಿ. ಸ್ವಲ್ಪ ತಡೆಯಬಹುದು, ಆದರೆ ನಡು ಮಧ್ಯಾಹ್ನ ನೀರಿನ ಮೇಲೆ ಕೂರುಕೆ ಅದು ಯಾವ ಲೆಕ್ಕಕ್ಕೂ ಸಾಲ. ನಾನು ಪಿಯುಸಿಯಲ್ಲಿರುವಾಗ ಒಂದು ಸಲ ಎಣ್ಣೆಗೆ ಅರಸಿನ ಕಲಸಿ ಕೈಗೆಲ್ಲ ಹಚ್ಚಿಕೊಂಡು ಹೊಳೆಗೆ ಹೋಗಿ, ಸಂಜೆ ಹೊತ್ತಿಗೆ ಕೈ ಹುರಿದ ಬಂಗುಡೆ ಆದದ್ದು ಇನ್ನೂ ನೆನಪಿದೆ.

ಹಚ್ಚಿಕೊಳ್ಳುವ ಪದ್ಧತಿ ಎಲ್ಲೂ ಇರಲಿಲ್ಲ ಅಂತ ಅಲ್ಲ. ಫಿಲಿಪ್ಪೀನ್ಸ್, ಮಲೇಷ್ಯಾ, ಇಂಡೋನೇಷ್ಯಾದ ಕಡಲಲ್ಲಿ ಸಾಮಾ-ಬಜಾವ್ ಅಂತ ಒಂದು ಜನ ಇದ್ದಾರೆ. ಅವರಲ್ಲಿ ಸುಮಾರು ಮಂದಿ ಹಿಂದೆ ದೋಣಿಯಲ್ಲೇ ಸಂಸಾರ ಮಾಡಿದವರು. ಅಡುಗೆ ದೋಣಿಯಲ್ಲಿ, ಬಾಣಂತನ ದೋಣಿಯಲ್ಲಿ. ಅವರ ಹೆಂಗಸರು ಅಕ್ಕಿ ಅರೆದು, ನೀರಿನ ಸಸ್ಯ, ಮಸಾಲೆ ಸಾಮಾನು ಸೇರಿಸಿ ಮುಖಕ್ಕೆ ದಪ್ಪಗೆ ಬಳಿದುಕೊಳ್ಳುತ್ತಾರೆ. ಬುರಾಕ್ ಅಂತ ಅದರ ಹೆಸರು. ಫೋಟೋದಲ್ಲಿ ಕಂಡರೆ ನೀರ್ದೋಸೆ ಹಿಟ್ಟು ಮುಖಕ್ಕೆ ಹಚ್ಚಿದ ಹಾಗೆ ಕಾಣ್ತದೆ. ಬರ್ಮಾದ ಹೆಂಗಸರು ತಾನಾಖಾ ಮರದ ತೊಗಟೆ ಕಲ್ಲಿಗೆ ತೇಯ್ದು ಗಂಧದ ಹಾಗೆ ಹಚ್ಚುತ್ತಾರೆ. ನೋಡಿ, ಮನೆಯಲ್ಲಿ ಅರೆಯುವ ಕಲ್ಲಿರುವಲ್ಲೆಲ್ಲ ಹೆಂಗಸರು ಎಂತಾದ್ರೂ ಒಂದು ಕಂಡುಹಿಡಿದೇ ಇದ್ದಾರೆ.

ಆದರೆ ಬಿಸಿಲಿನಲ್ಲಿ ಸುಡುವುದು ಎಂತ ಅಂತ ತಿಳಿದದ್ದು ತಡವಾಗಿ. ಎಲ್ಲರೂ ಅಂದುಕೊಂಡದ್ದು ಬಿಸಿ ಅಂತಲೇ. ಒಲೆ ಹತ್ತಿರ ಕೈ ಹಿಡಿದರೆ ಸುಡುದಿಲ್ಲವಾ, ಹಾಗೆ. 1801ರಲ್ಲಿ ಜರ್ಮನಿಯ ಯೇನಾದಲ್ಲಿ ಯೋಹಾನ್ ರಿಟ್ಟರ್ ಅಂಬವರು ಬಿಸಿಲನ್ನು ಗಾಜಿನಲ್ಲಿ ಕಾಮನಬಿಲ್ಲಿನ ಬಣ್ಣಗಳಾಗಿ ಒಡೆದರು. ನೇರಳೆ ಬಣ್ಣದ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಬೆಳ್ಳಿಯ ಉಪ್ಪು ಹಚ್ಚಿದ ಕಾಗದ ಇಟ್ಟರೆ ಅದು ಬೇಗ ಕಪ್ಪಾಯ್ತು. ಅಂದ್ರೆ ನಮಗೆ ಕಾಣದ ಕಿರಣ ಅಲ್ಲಿ ಇದೆ. ನೇರಳೆಯಾಚೆಯ ಕಿರಣ. ಈಗ ಯುವಿ ಅಂತ ಟ್ಯೂಬಿನ ಮೇಲೆ ಬರೀತ್ರಲ್ದಾ, ಅದೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಎವರಾರ್ಡ್ ಹೋಮ್ ಅಂಬವರ ಕತೆ. ಲಂಡನ್ನಿನ ದೊಡ್ಡ ಶಸ್ತ್ರವೈದ್ಯರು. ಅವರಿಗೊಂದು ಸಂಶಯ. ಕಪ್ಪು ಬಣ್ಣ ಬಿಸಿಯನ್ನು ಜಾಸ್ತಿ ಹೀರ್ತದೆ, ಇದು ಎಲ್ಲರಿಗೂ ಗೊತ್ತು. ಹಾಗಾದ್ರೆ ಬಿಸಿಲಿನ ದೇಶದ ಜನರಿಗೆ ಕಪ್ಪು ಚರ್ಮ ಎಂತಕೆ ಬಂತು? ಅವರಿಗೆ ಇನ್ನೂ ಜಾಸ್ತಿ ಸುಡಬೇಕಲ್ಲ? 1820ರ ಹೊತ್ತಿಗೆ ಅವರು ತಮ್ಮ ಎರಡೂ ಕೈಗಳನ್ನು ಬಿಸಿಲಿಗೆ ಒಡ್ಡಿ ಕುಳಿತರು, ಒಂದು ಬರಿಗೈ, ಒಂದಕ್ಕೆ ಕಪ್ಪು ಬಟ್ಟೆ. ಥರ್ಮಾಮೀಟರ್ ಇಟ್ಟು ನೋಡಿದರೆ ಕಪ್ಪು ಬಟ್ಟೆಯ ಕೈಯೇ ಹೆಚ್ಚು ಬಿಸಿ. ಆದರೆ ಸುಟ್ಟದ್ದು ಬರಿಗೈ. ಬಟ್ಟೆಯೊಳಗಿನ ಕೈಗೆ ಏನೂ ಆಗಲಿಲ್ಲ. ಸುಡುವುದು ಬರೀ ಬಿಸಿ ಅಲ್ಲ, ಬೆಳಕಿನ ಒಳಗಿನ ಮತ್ತೆಂತದೋ ಅಂತ ಇದರಿಂದ ತಿಳೀತು. ಕಪ್ಪು ಚರ್ಮ ಕಾಪಾಡುವ ಚರ್ಮ ಅಂತಲೂ ಅವರು ಬರೆದರು. 200 ವರ್ಷ ಆಯ್ತು ಇದನ್ನು ಬರೆದು. ನಮ್ಮ ಜಗಲಿಗೆ ಇನ್ನೂ ಬಂದು ಮುಟ್ಟಿಲ್ಲ.

1889ರಲ್ಲಿ ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಅಂಬವರು, ಚರ್ಮ ಕೆಂಪಾಗುವುದು ಈ ಯುವಿ ಕಿರಣದಿಂದಲೇ ಅಂತ ಪ್ರಯೋಗ ಮಾಡಿ ತೋರಿಸಿದರು. ಅದಾಗಿ ಐದು ವರ್ಷಕ್ಕೆ, 1894ರಲ್ಲಿ, ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಉನ್ನಾ ಒಂದು ಹೊಸ ಹೆಸರು ಕೊಟ್ಟರು: ನಾವಿಕರ ಚರ್ಮ. ಹ್ಯಾಂಬರ್ಗ್ ದೊಡ್ಡ ಬಂದರು, ಹಡಗಿನಲ್ಲಿ ಜೀವಮಾನ ಕಳೆದವರು ಅವರ ಹತ್ತಿರ ಬಪ್ಪುದು. ಮುಖ, ಕತ್ತು, ಮುಂಗೈ ಮಾತ್ರ ದಡ್ಡುಗಟ್ಟಿ, ಕಲೆ ಬಿದ್ದು, ಅಲ್ಲೇ ಕ್ಯಾನ್ಸರೂ ಆಗುವುದನ್ನು ಅವರು ಗಮನಿಸಿದರು. ಅಂಗಿಯೊಳಗಿನ ಚರ್ಮ ಚೆನ್ನಾಗಿಯೇ ಇರ್ತಿತ್ತು. ಬಿಸಿಲಿಗೂ ಚರ್ಮದ ಕ್ಯಾನ್ಸರಿಗೂ ಸಂಬಂಧ ಇದೆ ಅಂಬ ಮಾತು ಗಟ್ಟಿಯಾಗಿ ಶುರುವಾದದ್ದೇ ಹೀಗೆ, ಹಡಗಿನವರ ಮೈ ಕಂಡು.

ನಮ್ಮಂಥ ಕಂದು ಮೈಯವರಿಗೆ ಆ ಕ್ಯಾನ್ಸರ್ ಬಹಳ ಕಮ್ಮಿ, ಅದಕ್ಕೆ ಹೆದರಬೇಕಾದ್ದಿಲ್ಲ. ಆದರೆ ಸುಡುದಿಲ್ಲ ಅಂತ ಅಲ್ಲ. ಬಂಗು ಹೆಚ್ಚಾಗ್ತದೆ. ಕಣ್ಣಿಗೆ ಪೊರೆ ಬೇಗ ಬತ್ತ್. ಕಡಲಿಗೆ ಹೋಪವರ ಕಣ್ಣಿನ ಬಿಳಿಗುಡ್ಡೆ ಮೇಲೆ ಮಾಂಸ ಬೆಳೆದದ್ದು ನೀವೆಲ್ಲ ಕಂಡಿದ್ದೀರಿ. ಅದಕ್ಕೂ ಈ ಬಿಸಿಲಿಗೂ ನಂಟಿದೆ.

ಈಗ ಕ್ರೀಮಿಗೆ ಬಪ್ಪ. ಯುರೋಪಿನ ಹೆಂಗಸರೂ ಒಂದು ಕಾಲದಲ್ಲಿ ನಮ್ಮ ಅಮ್ಮನ ಹಾಗೇ ಇದ್ದವರು. ಕೊಡೆ, ಮುಖದ ಮೇಲೆ ಜಾಲರಿ, ಉದ್ದ ಕೈಗವಸು. ಬಿಳಿ ಮೈ ಅಂದ್ರೆ ಗದ್ದೆಗಿಳಿಯದ ಮನೆತನ ಅಂತ ಲೆಕ್ಕ. ಆಮೇಲೆ ಕಾರ್ಖಾನೆ ಬಂದವು, ಬಡವರು ಒಳಗೆ ಕತ್ತಲಲ್ಲಿ ದುಡಿದು ಬಿಳುಚಿಕೊಂಡರು. ಆಗ ಲೆಕ್ಕ ತಿರುಗಿತು. ಬಿಸಿಲಿಗೆ ಕಂದಾದ ಮೈ ಅಂದ್ರೆ ರಜೆಗೆ ಕಡಲತಡಿಗೆ ಹೋಪಷ್ಟು ದುಡ್ಡಿದೆ ಅಂತ ಆಯ್ತು. 1920ರ ದಶಕದಲ್ಲಿ ಬಟ್ಟೆಯ ಫ್ಯಾಷನ್ನಿಗೆ ಹೆಸರಾದ ಕೊಕೊ ಶನೆಲ್ ವಿಹಾರದ ದೋಣಿಯಲ್ಲಿ ಮೈ ಕಂದಾಗಿಸಿಕೊಂಡು ಬಂದು ಇಳಿದದ್ದೇ ಎಲ್ಲದಕ್ಕೂ ಶುರು ಅಂತ ಒಂದು ಕತೆ ಹೇಳ್ತಾರೆ. ಒಬ್ಬಳಿಂದ ಅಷ್ಟೆಲ್ಲ ಆಗ್ತದಾ ಅಂತ ನನಗೆ ಅನುಮಾನ. ಅಂತೂ ಜನ ಬಟ್ಟೆ ಕಳಚಿ ಬಿಸಿಲಿಗೆ ಮಲಗುಕೆ ಶುರು ಮಾಡಿದರು. ಬಟ್ಟೆ ಹೋದ ಜಾಗಕ್ಕೆ ಬಾಟಲಿ ಬಂತು. ಲೊರಿಯಾಲ್ ಕಟ್ಟಿದ ಯುಜೀನ್ ಶುಯೆಲರ್ 1930ರ ದಶಕದ ಮಧ್ಯದಲ್ಲಿ ಆಂಬ್ರ್ ಸೊಲೇರ್ ಅಂತ ಒಂದು ಎಣ್ಣೆ ಮಾರುಕೆ ತಂದರು. ಮೈ ಕಂದಾಗಬೇಕು, ಆದರೆ ಸುಡಬಾರದು, ಅದು ಅದರ ಉದ್ದೇಶ.

ಎರಡನೇ ಮಹಾಯುದ್ಧದಲ್ಲಿ ಇದೇ ಮತ್ತೊಂದು ರೂಪದಲ್ಲಿ ಬಂತು. ವಿಮಾನ ಬಿದ್ದು, ಹಡಗು ಮುಳುಗಿ, ರಬ್ಬರ್ ದೋಣಿಯಲ್ಲಿ ದಿನಗಟ್ಟಲೆ ತೇಲುವ ಸೈನಿಕರಿಗೆ ನೆರಳು ಎಲ್ಲಿ? ಅವರಿಗೆ ಅಮೆರಿಕದವರು ಕೆಂಪು ಬಣ್ಣದ ಒಂದು ಮಂದ ಜಿಡ್ಡು ಕೊಟ್ಟರು, ಪ್ರಾಣಿಗಳ ಗಾಯಕ್ಕೆ ಹಚ್ಚುವ ವ್ಯಾಸಲಿನ್ ಜಾತಿಯದ್ದು. ಮೈಗೆ ಬಳಿದರೆ ಅಂಟು, ಬಟ್ಟೆಗೆಲ್ಲ ಬಣ್ಣ, ಆದರೆ ಬಿಸಿಲು ತಡೆಯುತ್ತಿತ್ತು. ಫ್ಲಾರಿಡಾದ ಮಯಾಮಿಯ ಔಷಧಿ ಅಂಗಡಿಯ ಬೆಂಜಮಿನ್ ಗ್ರೀನ್ ಅಂಬವರು ಆ ಜಿಡ್ಡಿಗೆ ಕೋಕೋ ಬೆಣ್ಣೆ, ತೆಂಗಿನೆಣ್ಣೆ ಸೇರಿಸಿ, ಹೆಂಡತಿಯ ಒಲೆ ಮೇಲೆ ಕಾಫಿ ಪಾತ್ರೆಯಲ್ಲಿ ಕುದಿಸಿ, ತನ್ನ ಬೋಳುತಲೆಗೆ ಹಚ್ಚಿ ಪರೀಕ್ಷೆ ಮಾಡಿದರು ಅಂತ ಕತೆ. ಅದೇ ಮುಂದೆ ಕಾಪರ್‌ಟೋನ್ ಆಯ್ತು. ಆ ಪಾತ್ರೆ ತಿಕ್ಕಿದವರು ಯಾರು ಅಂತ ಯಾರೂ ಬರೆದಿಲ್ಲ, ಬಿಡಿ.

ಆಸ್ಟ್ರಿಯಾದ ಫ್ರಾನ್ಜ್ ಗ್ರೈಟರ್ ಅಂಬವರು ಹಿಮದ ಬೆಟ್ಟ ಹತ್ತುವಾಗ ಸುಟ್ಟುಕೊಂಡು 1946ರಲ್ಲಿ ಇನ್ನೊಂದು ಕ್ರೀಮ್ ತಂದರು. ಈಗ ಎಲ್ಲ ಟ್ಯೂಬಿನ ಮೇಲೆ ಇರುವ ಎಸ್‌ಪಿಎಫ್ ಅಂಬ ಲೆಕ್ಕವನ್ನು 1974ರಲ್ಲಿ ಬಳಕೆಗೆ ತಂದದ್ದೂ ಅವರೇ. 30 ಅಂದ್ರೆ ಸುಡುವ ಕಿರಣದಲ್ಲಿ 30ರಲ್ಲಿ ಒಂದು ಪಾಲು ಒಳಗೆ ಹೋಗ್ತದೆ, 50 ಅಂದ್ರೆ 50ರಲ್ಲಿ ಒಂದು. ಹಾಗಾಗಿ 30ಕ್ಕೂ 50ಕ್ಕೂ ನೀವು ಅಂದುಕೊಂಡಷ್ಟು ದೂರ ಇಲ್ಲೆ. ಆದರೆ ಈ ಲೆಕ್ಕ ಸರಿ ಹೋಪುದು ದಪ್ಪಗೆ ಹಚ್ಚಿದರೆ ಮಾತ್ರ. ನಾವು ಕಾಡಿಗೆ ಇಟ್ಟ ಹಾಗೆ ಚೂರೇ ಚೂರು ಹಚ್ಚುವುದು, ಅದಕ್ಕೆ ಅರ್ಧ ಫಲವೂ ಸಿಕ್ಕುದಿಲ್ಲ. ನಮ್ಮ ದೇಶದಲ್ಲಿ ಕ್ರೀಮು ಮನೆಯೊಳಗೆ ಬಂದದ್ದೇ ಬೇರೆ ಬಾಗಿಲಿಂದ. ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ, ಹೆಸರಿನ ಫೇರ್ ಹೋಗಿ ಗ್ಲೋ ಆದದ್ದು 2020ರಲ್ಲಿ. ಅವರಿಗೆ ಸುಡುವ ಹೆದರಿಕೆ, ನಮಗೆ ಕಪ್ಪಾಗುವ ಹೆದರಿಕೆ.

ಕಡಲಿಗೂ ಒಂದು ಹೆದರಿಕೆ ಇದೆ ಅಂತ ಯಾರೂ ಯೋಚಿಸಲೇ ಇಲ್ಲ. ಮೈಗೆ ಹಚ್ಚಿದ್ದು ನೀರಿಗಿಳಿದರೆ ತೊಳೆದು ಹೋಗ್ತದೆ. ಮತ್ತೆ ಹಚ್ಚಿ ಅಂತ ಟ್ಯೂಬಿನ ಮೇಲೇ ಬರೆದಿರ್ತಾರೆ. ತೊಳೆದು ಹೋದದ್ದು ಎಲ್ಲಿಗೆ?

ಇದಕ್ಕೆ ಹವಳ ಅಂದ್ರೆ ಎಂತ ಅಂತ ಸ್ವಲ್ಪ ಹೇಳ್ಕ್. ನಾವು ಸರದಲ್ಲಿ ಪೋಣಿಸುವ ಕೆಂಪು ಹವಳ ಕಂಡು ಕಲ್ಲು ಅಂದುಕೊಂಡಿದ್ದೇವೆ. ಅದು ಸಣ್ಣ ಸಣ್ಣ ಪ್ರಾಣಿಗಳು ಕಟ್ಟಿದ ಮನೆ. ನೇತ್ರಾಣಿಯಂಥ ಕಡೆ ಇರುವ ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಿಡಾರ ಮಾಡಿರ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಊಟ ಹಾಕ್ತದೆ, ಹವಳ ಅದಕ್ಕೆ ಜಾಗ ಕೊಡ್ತದೆ. ಬಣ್ಣವೂ ಹೆಚ್ಚಿನದು ಪಾಚಿಯದ್ದೇ. ನೀರು ಬಿಸಿಯಾದರೆ, ವಿಷ ಬಿದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗ್ತದೆ. ಬಾಡಿಗೆಯವರನ್ನು ಓಡಿಸಿದ ಮೇಲೆ ಊಟ ಇಲ್ಲ. ಹಾಗೇ ಇದ್ದರೆ ಸಾಯ್ತದೆ.

2008ರಲ್ಲಿ ಇಟಲಿಯ ರಾಬರ್ಟೊ ಡಾನೊವಾರೊ ಮತ್ತು ಜೊತೆಯವರು ಹವಳದ ತುಂಡುಗಳಿರುವ ನೀರಿಗೆ ಸನ್‌ಸ್ಕ್ರೀನ್ ಹಾಕಿ ನೋಡಿದರು. ಸ್ವಲ್ಪವೇ ಹಾಕಿದರೂ ಬೆಳ್ಳಗಾದವು. ವರ್ಷಕ್ಕೆ 4,000ದಿಂದ 6,000 ಟನ್ ಕ್ರೀಮು ಹವಳವಿರುವ ಕಡಲಿಗೆ ತೊಳೆದು ಹೋಗ್ತದೆ ಅಂಬ ಅಂದಾಜನ್ನೂ ಅವರು ಕೊಟ್ಟರು. ಅಂದಾಜು ಅಷ್ಟೆ, ಅಳೆದದ್ದಲ್ಲ. 2015ರಲ್ಲಿ ಕ್ರೇಗ್ ಡೌನ್ಸ್ ಮತ್ತು ಜೊತೆಯವರ ಲೇಖನ ಬಂತು. ಅವರು ಹಿಡಿದದ್ದು ಒಂದೇ ಪದಾರ್ಥ, ಆಕ್ಸಿಬೆಂಜೋನ್. ಹವಳದ ಮರಿಗಳು ಈಜುವುದು ಬಿಟ್ಟು, ಆಕಾರ ಕೆಟ್ಟು, ತಮ್ಮದೇ ಸುಣ್ಣದ ಚಿಪ್ಪಿನೊಳಗೆ ಸಿಕ್ಕಿಕೊಂಡವು. ಪ್ರಯೋಗಶಾಲೆಯಲ್ಲಿ ಹವಳದ ಕೋಶಗಳಿಗೆ ತೊಂದರೆ ಶುರುವಾದ ಮಟ್ಟ ಲಕ್ಷ ಕೋಟಿ ಪಾಲು ನೀರಿಗೆ 62 ಪಾಲು. ಈ ಆಕ್ಸಿಬೆಂಜೋನಿನ ಇನ್ನೊಂದು ಹೆಸರೇ ನಾನು ಕನ್ನಡಕ ಹಾಕಿ ಓದಿದ ಬೆಂಜೋಫಿನೋನ್-3.

ಪಲಾವಿನಲ್ಲಿ ಜೆಲ್ಲಿಮೀನಿನ ಕೆರೆ ಅಂತ ಒಂದು ಉಂಟು. ಸುತ್ತ ಕಾಡು, ಒಳಗೆ ಲೆಕ್ಕವಿಲ್ಲದಷ್ಟು ಬಂಗಾರ ಬಣ್ಣದ ಜೆಲ್ಲಿಮೀನು. ಪ್ರವಾಸಿಗಳು ದೋಣಿಯಲ್ಲಿ ಹೋಗಿ ಅದರಲ್ಲಿ ಈಜ್ತಾರೆ. ಆ ನೀರಿನಲ್ಲೂ ಜೆಲ್ಲಿಮೀನಿನ ಮೈಯಲ್ಲೂ ಸನ್‌ಸ್ಕ್ರೀನಿನ ಪದಾರ್ಥ ಇದೆ ಅಂತ 2017ರ ಪರೀಕ್ಷೆಯಲ್ಲಿ ಗೊತ್ತಾಯ್ತು. ಕಡಲಾದರೆ ನೀರು ಬಂದು ಹೋಗಿ ತೆಳುವಾಗ್ತದೆ ಅನ್ನಬಹುದು. ಕೆರೆಯಲ್ಲಿ ಬಿದ್ದದ್ದು ಅಲ್ಲೇ. ಮರುವರ್ಷವೇ ಕಾನೂನು ಮಾಡಿದರು, 2020ರ ಜನವರಿ 1ರಿಂದ ಹತ್ತು ಪದಾರ್ಥಗಳಿರುವ ಸನ್‌ಸ್ಕ್ರೀನಿಗೆ ನಿಷೇಧ. ಇಡೀ ದೇಶವೇ ಹೀಗೆ ಮಾಡಿದ್ದು ಅದೇ ಮೊದಲು. ಹವಾಯಿಯಲ್ಲಿ ಕಾನೂನಿಗೆ ಸಹಿ ಬಿದ್ದದ್ದು 2018ರ ಜುಲೈ 3ಕ್ಕೆ, ಜಾರಿಯಾದದ್ದು 2021ರ ಜನವರಿ 1ಕ್ಕೆ. ಅಲ್ಲಿ ಆಕ್ಸಿಬೆಂಜೋನ್, ಆಕ್ಟಿನೋಕ್ಸೇಟ್ ಎರಡಕ್ಕೆ ತಡೆ. ಥಾಯ್ಲೆಂಡಿನವರು 2021ರಲ್ಲಿ ತಮ್ಮ ಕಡಲ ರಾಷ್ಟ್ರೀಯ ಉದ್ಯಾನಗಳಿಗೆ ಇಂಥದ್ದೇ ನಿಯಮ ತಂದರು.

ಒಂದು ಮಾತು ಮುಚ್ಚಿಡದೆ ಹೇಳ್ಕ್. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಗಾಜಿನ ಪಾತ್ರೆಯಲ್ಲಿ ಕಂಡದ್ದು ಕಡಲಿನಲ್ಲಿ ಹಾಗೇ ನಡೀತದೆ ಅಂತ ಹೇಳುಕಾಗ ಅಂತ ಅವರ ವಾದ. ಜಗತ್ತಿನಲ್ಲಿ ಹವಳ ಸಾಯ್ತಾ ಇರುವುದಕ್ಕೆ ದೊಡ್ಡ ಕಾರಣ ಕ್ರೀಮು ಅಲ್ಲ, ಕಡಲು ಬಿಸಿಯಾಗುವುದು. ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನವರು ಕಂಡುಹಿಡಿದದ್ದು ಕೇಣಿ. ಹವಳದ ಜಾತಿಯದ್ದೇ ಆದ ಕಡಲ ಹೂವು ಆಕ್ಸಿಬೆಂಜೋನನ್ನು ನುಂಗಿ ಅದಕ್ಕೆ ಸಕ್ಕರೆ ಅಂಟಿಸಿ ಬೇರೆ ಮಾಡ್ತದೆ. ಆ ಹೊಸ ರೂಪ ಬಿಸಿಲು ತಾಗಿದರೆ ವಿಷ. ನಮ್ಮ ಮೈಯಲ್ಲಿ ಬಿಸಿಲಿಂದ ಕಾಪಾಡುವುದೇ ಅದರ ಮೈಯಲ್ಲಿ ಬಿಸಿಲಿಗೆ ವಿಷ ಆಗ್ತದೆ. ಒಳಗಿರುವ ಪಾಚಿ ಆ ವಿಷವನ್ನು ಸ್ವಲ್ಪ ಹೀರಿಕೊಳ್ತದೆ, ಹಾಗಾಗಿ ಮೊದಲೇ ಬೆಳ್ಳಗಾದ ಹವಳಕ್ಕೆ ಪೆಟ್ಟು ಜಾಸ್ತಿ ಅಂತ ಅವರ ಅನುಮಾನ. ಬಿಸಿಯಲ್ಲಿ ನರಳುವವರಿಗೆ ಮೇಲೊಂದು ಕೊಡುವುದು ಎಂತಕೆ ಅಂತ ನನ್ನ ಪ್ರಶ್ನೆ. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಸಣ್ಣ ದ್ವೀಪ. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ದೋಣಿ ಹೋಪುದು, ಎಲ್ಲರೂ ಇಳಿಯುವುದು ಅದೇ ಹವಳ ಇರುವ ಅದೇ ನಾಲ್ಕು ಮೂಲೆಗೆ.

ಹಾಗಾದ್ರೆ ಯಾವುದು ಹಚ್ಚುವುದು ಅಂತ ಕೇಳ್ತೀರಿ. ಸತುವಿನ ಪುಡಿ, ಅಂದ್ರೆ ಜಿಂಕ್ ಆಕ್ಸೈಡ್ ಇರುವ ಕ್ರೀಮ್ ಇದ್ದದ್ದರಲ್ಲಿ ವಾಸಿ. ಹೊಸದೇನೂ ಅಲ್ಲ, ಬಾಣಂತಿ ಕೋಣೆಯಲ್ಲಿ ಮಗುವಿನ ತೊಡೆ ಕೆಂಪಾದರೆ ಹಚ್ಚುವ ಬಿಳಿ ಕ್ರೀಮು, ತುರಿಕೆಗೆ ಹಚ್ಚುವ ಗುಲಾಬಿ ಬಣ್ಣದ ಕ್ಯಾಲಮೈನ್ ಎರಡರಲ್ಲೂ ಇರುವುದು ಅದೇ. ಕ್ರಿಕೆಟ್ ಆಟಗಾರರು ಮೂಗಿನ ಮೇಲೆ ಬೆಳ್ಳಗೆ ಬಳಿದುಕೊಳ್ಳುತ್ತಿದ್ದದ್ದೂ ಅದೇ. ಮುಖ ಬೂದಿ ಬಳಿದ ಹಾಗೆ ಕಾಣ್ತದೆ ಅಂತ ಅದನ್ನು ತೀರ ಸಣ್ಣಗೆ ಅರೆದು ನ್ಯಾನೋ ಅಂತ ಮಾರ್ತಾರೆ. ಆ ನ್ಯಾನೋ ಪುಡಿಯೂ ಹವಳಕ್ಕೆ ಒಳ್ಳೆದಲ್ಲ ಅಂತ ಪರೀಕ್ಷೆಗಳಿವೆ. ಬೂದಿ ಬಳಿದ ಹಾಗೆ ಕಂಡರೂ ಅಡ್ಡಿಲ್ಲ, ನ್ಯಾನೋ ಅಲ್ಲದ್ದು ತಕಣಿ. ಹವಳಸ್ನೇಹಿ ಅಂತ ಡಬ್ಬಿ ಮೇಲೆ ಬರೆದದ್ದಕ್ಕೆ ಮರುಳಾಗಬೇಡಿ, ಆ ಮಾತಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಹಿಂದಿನ ಸಣ್ಣ ಅಕ್ಷರ ಓದಿ. ಬೆಂಜೋಫಿನೋನ್-3 ಮತ್ತು ಈಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನಮೇಟ್, ಇವೆರಡು ಇದ್ದರೆ ಅದು ಮನೆಯಲ್ಲೇ ಇರಲಿ. ಎರಡನೆಯದ್ದೇ ಹವಾಯಿಯವರು ತಡೆದ ಆಕ್ಟಿನೋಕ್ಸೇಟ್. ಫುಸ್ ಅಂತ ಹೊಡೆಯುವ ಡಬ್ಬಿ ಅಂತೂ ದೋಣಿಯಲ್ಲಿ ಬೇಡವೇ ಬೇಡ, ಅರ್ಧ ಗಾಳಿಗೆ, ಪಕ್ಕದವರ ಮೂಗಿಗೆ.

ಆದರೆ ಎಲ್ಲಕ್ಕಿಂತ ಮೊದಲು ಬಟ್ಟೆ. ಚರ್ಮದ ಕ್ಯಾನ್ಸರ್ ಬಹಳ ಇರುವ ಆಸ್ಟ್ರೇಲಿಯಾದಲ್ಲಿ 1981ರಲ್ಲಿ ಜನರಿಗೆ ಮೂರು ಮಾತು ಕಲಿಸಿದರು: ಅಂಗಿ ತೊಡಿ, ಕ್ರೀಮು ಬಳಿ, ಟೊಪ್ಪಿ ಇಡಿ. ಅಂಗಿ ಮೊದಲು ಬಂತು, ಕಂಡ್ರಾ? 1996ರಲ್ಲಿ ಯಾವ ಬಟ್ಟೆ ಎಷ್ಟು ಯುವಿ ತಡೀತದೆ ಅಂತ ಅಳೆಯುಕೆ ಅವರು ಒಂದು ಮಾನದಂಡವನ್ನೂ ಮಾಡಿದರು. ಅದರಿಂದ ನಮಗೆ ಬೇಕಾದ್ದು ಇಷ್ಟು. ತೆಳು ಬಿಳಿ ಹತ್ತಿ ಬಟ್ಟೆ ತಂಪು, ಆದರೆ ತಡೆಯುವುದು ಕಮ್ಮಿ, ಒದ್ದೆಯಾದರೆ ಇನ್ನೂ ಕಮ್ಮಿ. ಒತ್ತಾಗಿ ನೇಯ್ದ ಗಾಢ ಬಣ್ಣದ್ದು ಒಳ್ಳೆದ್. ಹೋಮ್ ಸಾಹೇಬರ ಕಪ್ಪು ಬಟ್ಟೆಯೇ ಗೆದ್ದಿತು.

ನೀರಿನ ಮೇಲಿನ ಬಿಸಿಲು ಕೆಳಗಿಂದಲೂ ಬತ್ತ್ ಅಂತ ಹೇಳ್ತ್ರಲ್ದಾ, ಅದು ಸ್ವಲ್ಪ ಹೌದು. ನೀರಿಂದ ತಿರುಗಿ ಬಪ್ಪುದು ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ, ಮರಳಿಂದ 15 ಶೇಕಡ, ಅಲೆಯ ನೊರೆಯಿಂದ 25. ನೀರಿಗಿಳಿದರೆ ತಪ್ಪಿಸಿಕೊಂಡೆವು ಅಂತಲೂ ಇಲ್ಲ, ಅರ್ಧ ಮೀಟರ್ ಆಳದಲ್ಲೂ ಮೇಲಿನದ್ದರ 40 ಶೇಕಡ ಇರ್ತದೆ. ಮುಖ ಕೆಳಗೆ ಮಾಡಿ ಮೀನು ನೋಡ್ತಾ ತೇಲುವವರ ಬೆನ್ನು, ಮೀನಗಂಡ ಸುಡುವುದು ಅದಕ್ಕೇ.

ಇಷ್ಟೆಲ್ಲ ನಾನು ಹೇಳಿದ ಮೇಲೆ ಹುಡುಗಿ ಮುಖ ಸಣ್ಣ ಮಾಡಿದಳು, ಆದ್ರೂ ಒಪ್ಪಿದಳು. ಟ್ಯೂಬೆಲ್ಲ ಕಪಾಟಿಗೆ ಹೋಯ್ತು. ಪೇಟೆಯಲ್ಲಿ ಉದ್ದ ತೋಳಿನ, ಕತ್ತು ಮುಚ್ಚುವ, ನೀಲಿ ಬಣ್ಣದ ಈಜಿನ ಅಂಗಿ ಸಿಕ್ಕಿತು. ಮೊಣಕಾಲು ದಾಟುವ ಚಡ್ಡಿ. ಮೂಗು, ಕೆನ್ನೆ, ಕಿವಿಗೆ ಸತುವಿನ ಕ್ರೀಮು. ಕಣ್ಣಿಗೆ ಕಪ್ಪು ಕನ್ನಡಕ. ಟೊಪ್ಪಿಗೆ ಹುಡುಕ್ತಾ ಇರುವಾಗ, ದೋಣಿಗೆ ಹೋಪ್ದೇ ಬ್ಯಾಡ ಅಂದಿದ್ದ ಅಮ್ಮನೇ ಅಟ್ಟದಿಂದ ಅಪ್ಪಯ್ಯನ ಕಾಲದ ಮುಟ್ಟಾಳೆ ತೆಗೆಸಿ, ಧೂಳು ಒರೆಸಿ, ಗಲ್ಲಕ್ಕೆ ಕಟ್ಟುಕೆ ಒಂದು ದಾರ ಹೊಲಿದು ಕೊಟ್ಟರು.

"ಕಪ್ಪಾತ್ತ್ ಅಂದಿದ್ರಿ?" ಅಂತ ಕೇಳಿದೆ.

"ನೀನ್ ಸುಮ್ನಿರ್," ಅಂದರು. ಅಮ್ಮ ಪೂರ್ತಿ ಬದಲಾದರು ಅಂತ ನಾನು ಹೇಳುದಿಲ್ಲ. ಅವರ ಲೆಕ್ಕ ಇನ್ನೂ ಬಣ್ಣದ್ದೇ. ಆದರೆ ನನ್ನನ್ನು ನಿಲ್ಲಿಸಿದ ಹಾಗೆ ಅವಳನ್ನು ನಿಲ್ಲಿಸಲಿಲ್ಲ.

ಸಂಜೆ ಹುಡುಗಿ ಬಂದಳು. ಗಿಳಿಮೀನು ಕಂಡದ್ದು, ಒಂದು ದೊಡ್ಡ ಆಮೆ ಕಂಡದ್ದು, ಒಂದೆರಡು ಕಡೆ ಹವಳ ಬೆಳ್ಳಗಿದ್ದದ್ದು ಎಲ್ಲ ಹೇಳಿದಳು. ಮುಟ್ಟಾಳೆ ಮಾತ್ರ ಬರಲಿಲ್ಲ. ವಾಪಸ್ ಬಪ್ಪಾಗ ದಾರ ಬಿಚ್ಚಿದ್ದಳಂತೆ, ಗಾಳಿಗೆ ಹಾರಿ ನೀರಿಗೆ ಬಿತ್ತಂತೆ. ಅಮ್ಮನ ಎದುರು ಹೇಳುಕೆ ಹೆದರಿ ಹಿತ್ತಲಿಗೆ ಕರೆದು ನನಗೆ ಹೇಳಿದಳು. ಅಮ್ಮನಿಗೆ ಹೇಗೋ ಕೇಳಿಸಿತು.

"ಹೋಯ್ಲಿ ಬಿಡ್. ಹಾಳಿ ಅಲ್ದಾ, ಕೊಳ್ತ್ ಹೋತ್ತ್."

ಮೈಯೆಲ್ಲ ಸರಿ ಇತ್ತು. ಪಾದದ ಮೇಲ್ಭಾಗ ಮಾತ್ರ ಕೆಂಡ. ಚಪ್ಪಲಿ ಬಿಟ್ಟು ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತವಳಿಗೆ ಅಲ್ಲಿ ಹಚ್ಚಬೇಕು, ಮುಚ್ಚಬೇಕು ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಎರಡು ದಿನ ಲೋಳೆಸರದ ತಿರುಳು ಇಟ್ಟು ಕೂತಳು.

ಫೆಬ್ರವರಿಯಲ್ಲಿ ಮತ್ತೆ ಹೋಪುದು ಅಂತ ಆಗಿದೆ, ಈ ಸಲ ನಾನೂ. ತೆಳು ಸಾಕ್ಸ್ ಎರಡು ಜೊತೆ ತಂದಿಟ್ಟಿದ್ದೇನೆ. ಅಡಿಕೆ ತೋಟ ಇದ್ದವರು ಯಾರಾದ್ರೂ ಒಂದೆರಡು ಒಳ್ಳೆ ಹಾಳೆ ತೆಗೆದಿಡಿ, ಮುಟ್ಟಾಳೆ ಹೊಲಿಯುದು ಹೇಗೆ ಅಂತ ಅಮ್ಮ ಹೇಳಿಕೊಡ್ತೆ ಅಂದಿದ್ದಾರೆ. ಬಪ್ಪವರಿದ್ರೆ ಬೇಗ ಹೇಳಿ, ದೋಣಿಯಲ್ಲಿ ಇನ್ನೂ ನಾಲ್ಕು ಜನಕ್ಕೆ ಜಾಗ ಇತ್ತ್.